ಅಸ್ತವಾಗಿದ್ದ ಶುಕ್ರ

೨೦ ಜೂನ್ ೧೯೪೮
ಇವತ್ತೂ ಸಂಸ್ಥಾನದ ಕಚೇರಿಯಲ್ಲಿ ಹೇಳಿಕೆ ಬರೆಯುವ ಕೆಲಸ. ಜನ ಕನ್ನಡದಲ್ಲಿ ಹೇಳುವುದು, ನಾನು ಉರ್ದುವಿನಲ್ಲಿ ಬರೆಯುವುದು, ಅವರು ಓದಲು ಬಾರದೆ ಹೆಬ್ಬೆಟ್ಟು ಒತ್ತುವುದು. ಮನೆಗೆ ಬಂದರೆ ತಂಗಿ ಪ್ರಮಿಲಾ ಮುಖ ಊದಿಸಿಕೊಂಡಿದ್ದಳು. ಶುಕ್ರ ಅಸ್ತ. ಆಕಾಶದಲ್ಲಿ ಶುಕ್ರ ಕಾಣದಿದ್ದಾಗ ಮದುವೆ ಬೇಡವೆಂದು ಜೇವರ್ಗಿಯ ಬೀಗರು ಮುಹೂರ್ತವನ್ನು ಜುಲೈ ಎರಡಕ್ಕೆ ದೂಡಿದ್ದಾರೆ.

೨೨ ಜೂನ್
ಮಧ್ಯಾಹ್ನ ಅತನೂರಿನ ಹೊಲದಲ್ಲಿ ವಿಮಾನ ಬಿತ್ತು, ಹೇಳಿಕೆ ಬರೆಯಲು ನನ್ನನ್ನು ಕಳಿಸಿದರು. ನಮ್ಮ ಸಂಸ್ಥಾನದ ಗಡಿ ದಾಟಿ ಭೀಮಾ ನದಿಯಾಚೆಯಿಂದ ಬಂದದ್ದು, ಹಿಂದೂಸ್ತಾನದ ಫೌಜಿನದು. ಪೈಲಟ್ ಇನ್ನೂ ಬದುಕಿದ್ದ — ಸೊಂಟದ ಕೆಳಗೆ ಪೂರಾ ಸುಟ್ಟಿತ್ತು. ಇಂಗ್ಲಿಷಿನಲ್ಲಿ ಹೇಳಿದ, ಬರೆದುಕೊಂಡೆ. "ಬೆಳ್ಳಗೆ, ದುಂಡಗೆ ಏನೋ ಕಂಡಿತು. ಬೆನ್ನಟ್ಟಿದೆ. ಎಂಜಿನ್ನಿಗೆ ಬೆಂಕಿ ಹತ್ತಿತು."
ಅವನ ಬಾಯಿಗೆ ನೀರು ಬಿಟ್ಟವಳು ಆ ಹೊಲದಲ್ಲಿ ದುಡಿಯುವ ನಿಂಬೆವ್ವ. ಆಕಾಶದಲ್ಲಿದ್ದುದನ್ನು ಅವಳೂ ನೋಡಿದ್ದಾಳೆ. "ತಾಟಿನಷ್ಟು ದೊಡ್ಡದಿತ್ರಿ. ರೆಕ್ಕಿ ಇದ್ದಿಲ್ಲ."
ಸಂಜೆಗೆ ಹುಡುಗ ಹೋದ. ಇಪ್ಪತ್ತೆರಡು ಇದ್ದಿರಬೇಕು.

೨೪ ಜೂನ್
ಕಚೇರಿಯಲ್ಲಿ ನನ್ನ ಮೇಲಧಿಕಾರಿ, ಪೇಷ್ಕಾರ ಗೌಸಮೊಹಿದ್ದೀನ ಸಾಹೇಬರು, ಕರೆದು ಬಾಗಿಲು ಹಾಕಿಕೊಂಡರು. ಮೇಲಿನಿಂದ ಹುಕುಂ — ಪೈಲಟ್ ಶುಕ್ರನನ್ನು ನೋಡಿ ಮೋಸಹೋದ ಎಂದು ಬರೆಯಬೇಕು.
"ಸಾಹೇಬ್ರ, ಶುಕ್ರ ಅಸ್ತ ಅದರಿ. ನಮ್ಮ ತಂಗಿ ಮದುವಿ ಅದಕ್ಕೇ ನಿಂತದ."
"ಗೊತ್ತದ. ನಮ್ಮ ಸರಕಾರದವರು ಕಳ್ಳ ವಿಮಾನದಾಗ ಬಂದೂಕು ತರಸ್ತಾರಂತ ಮೊದಲೇ ಗುಲ್ಲು ಅದ. ಆಕಾಶದಾಗ ಏನೋ ಇತ್ತಂತ ಕಾಗದದಾಗ ಬಂದ್ರ, ಅದು ಯಾರದು ಅಂತ ದಿಲ್ಲಿಯವರು ಕೇಳ್ತಾರ. ನನಗೂ ಮಕ್ಕಳವ, ಪ್ರಹ್ಲಾದರಾವ. ಬರೀರಿ."
ಬರೆದೆ. ನಿಂಬೆವ್ವನ ಹೇಳಿಕೆಯಲ್ಲೂ ಶುಕ್ರನೇ. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಕೇಳಿದಳು, "ನಾ ಹೇಳಿದ್ದೇ ಬರ್ದೀರಿಲ್ರಿ?" ಹೌದವ್ವ, ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

೧ ಜುಲೈ
ಆರು ದಿನ ಪೆನ್ನು ಮುಟ್ಟಲಿಲ್ಲ.
ಪೈಲಟ್ ನೋಡಿದ್ದು ಶುಕ್ರ ಎಂಬ ಸುದ್ದಿ ಊರಿಗೆ ಮುಟ್ಟಿದಾಗ, ಅದು ಚುಕ್ಕಿ ಅಲ್ಲ ಎಂದು ನಿಂಬೆವ್ವ ಬಾವಿಕಟ್ಟೆಯಲ್ಲಿ ಹೇಳಿದಳಂತೆ. ಯಾರೋ ಕಚೇರಿಗೆ ಹೋಗಿ ಹಚ್ಚಿಕೊಟ್ಟರು. ಈಗ ಲಾಕಪ್ಪಿನಲ್ಲಿದ್ದಾಳೆ. ಹೆಬ್ಬೆಟ್ಟು ಒತ್ತಿ ಮಾತು ತಿರುಗಿಸಿದ್ದು ಗುನ್ಹೆ. ನಾಳೆ ಬೆಳಿಗ್ಗೆ ವಿಚಾರಣೆ, ಕಾಗದದಲ್ಲಿರುವುದು ಅವಳದೇ ಮಾತೆಂದು ನಾನು ಸಾಕ್ಷಿ ಹೇಳಬೇಕು. ಹೇಳಿದರೆ ಅವಳು ಜೇಲಿಗೆ. ಹೇಳದಿದ್ದರೆ ನಾನು.
ಅಪ್ಪನ ಹತ್ತಿರ ಎಲ್ಲ ಬಾಯಿಬಿಟ್ಟೆ. "ನಾಳೆ ಮದುವಿ ಮುಗೀಲಿ. ಆಮ್ಯಾಲ ಖರೇ ಹೇಳು" ಎಂದರು. ಖರೇ ಹೇಳುವುದಕ್ಕೂ ಮುಹೂರ್ತ ನೋಡುವವರು ನಮ್ಮಪ್ಪ.

೨ ಜುಲೈ, ಬೆಳಗಿನ ಐದೂವರೆ
ಅಪ್ಪ ಎಲ್ಲರನ್ನೂ ಅಂಗಳಕ್ಕೆ ಕರೆದು ಮೂಡಲಲ್ಲಿ ಶುಕ್ರನನ್ನು ತೋರಿಸಿದರು. ಎಳ್ಳಿನಷ್ಟಿತ್ತು. ಪ್ರಮಿಲಾ ಅರಿಸಿನದ ಕೈ ಮುಗಿದಳು. ನನಗೆ ನೋಡಲಾಗಲಿಲ್ಲ.
ಕಚೇರಿಯ ಜವಾನ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಇವತ್ತು ಅಕ್ಷತೆ ಹಾಕಲು ನಾನಿರುವುದಿಲ್ಲ, ಪ್ರಮಿಲಾ, ಸಿಟ್ಟಾಗಬೇಡ. ಈ ದಿನಚರಿ ಪುಸ್ತಕವನ್ನು ವಿಚಾರಣೆಯಲ್ಲಿ ಓದಿ ತೋರಿಸಲು ಜೊತೆಗೊಯ್ಯುತ್ತೇನೆ. ಅವಳ ಹೇಳಿಕೆ ಒಮ್ಮೆಯಾದರೂ ಅವಳು ಹೇಳಿದ ಹಾಗೆ, ಕನ್ನಡದಲ್ಲೇ —
ನಾನು ನಿಂಬೆವ್ವ. ಹೊಲದಾಗ ಇದ್ದೆ. ತಾಟಿನಷ್ಟು ದೊಡ್ಡದಿತ್ತು. ರೆಕ್ಕಿ ಇದ್ದಿಲ್ಲ. ಆ ಹುಡುಗ ನೀರು ಕುಡಿದು