ಬೇಲಿಸಾಲಿನ ಗೋಣಿಮರ

ಬಣಕಲ್,
೧೨ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅತ್ತಿಗುಂಡಿಯ ಚಳಿಗೆ ತಂಗಿ ರೇವತಿ ಬಿಸಿನೀರು ಕಾಯಿಸಿ ಕೊಡುತ್ತಾಳೆ ತಾನೆ? ನಾವಿಲ್ಲಿ ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಮಾಡಲಾರೆಯೆಂದು ಬರೆಯುತ್ತಿದ್ದೇನೆ. "ನೀವಿಬ್ರೂ ಮಾತಾಡೋವರ್ಗೂ ನಾನೀ ಮನೆ ಹೊಸ್ತಿಲು ತುಳಿಯೋಲ್ಲ" ಎಂದು ಮಗಳ ಮನೆಗೆ ಹೊರಟವಳು ನೀನು. ನಿನ್ನ ಹಟ ನನಗೆ ಗೊತ್ತು. ಅದರಲ್ಲಿ ಅರ್ಧ ನನಗೆ ಬಂದಿದೆ, ಉಳಿದರ್ಧ ತಮ್ಮ ಪ್ರಸಾದನಿಗೆ.

ಬೆಳೆಗಾರರ ಸಂಘದ ಕಾರ್ಬನ್ ಯೋಜನೆ ಈ ವರ್ಷ ನಮ್ಮ ಕಡೆಗೂ ಬಂತು. ನಾವು ಕಾಫಿತೋಟದ ನೆರಳುಮರ ಕಡಿಯದೆ ಉಳಿಸಿಕೊಂಡರೆ, ಎಲ್ಲೋ ಹೊಗೆ ಬಿಡುವ ಕಂಪನಿಗಳು ಸಂಘಕ್ಕೆ ಹಣ ಕಟ್ಟುತ್ತವೆ. ಅದರಲ್ಲಿ ಮರದ ಲೆಕ್ಕಕ್ಕೆ ನಮಗಿಷ್ಟು, ಉಳಿದದ್ದರಲ್ಲಿ ಇನ್ನಷ್ಟು ಕಾಡುಮರ ನೆಡುವುದು. ಮರಗಳ ಸುತ್ತಳತೆ ತೆಗೆಯಲು ಸಂಘದ ಹುಡುಗಿ ಮೋನಿಕಾ ಬಂದಿದ್ದಳು. ಎಲ್ಲ ಸರಾಗವಾಗಿ ಸಾಗಿ, ನನ್ನ, ಪ್ರಸಾದನ ತೋಟಗಳ ನಡುವೆ ಆಲದಂತೆ ಹರಡಿರುವ ಗೋಣಿಮರದ ಬುಡದಲ್ಲಿ ನಿಂತಿತು. ಪಾಲಾದಾಗಿನಿಂದ ಅದರ ಕೊಂಬೆ ಸವರಿಸುವ ಮಾತು ಬಂದಾಗಲೆಲ್ಲ "ನಿಂದೇ ಮರ, ನೀನೇ ಮಾಡ್ಸು" ಎಂದು ಆಳುಗಳ ಕೈಲಿ ಹೇಳಿಕಳಿಸಿಕೊಂಡವರು ನಾವು. ಈಗ ನೋಡು, ಇಬ್ಬರೂ "ನಂದು"! ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ತಕರಾರಿನ ಮರ ಲೆಕ್ಕಕ್ಕಿಲ್ಲ ಸರ್. ಅಳತೆಯಾದ್ರೂ ತಗೊಳ್ಳೋಣ, ಟೇಪ್ ಹಿಡೀರಿ" ಎಂದಳು ಮೋನಿಕಾ. ಆ ಮರವನ್ನು ಒಬ್ಬನೇ ತಬ್ಬಲು ಆಗುತ್ತದೆಯೇ? ಟೇಪಿನ ತುದಿಯನ್ನು ಬೇಲಿಯಾಚೆ ತಳ್ಳಿದೆ. ಆ ಕಡೆಯಿಂದ ಯಾರೋ ಹಿಡಿದರು. ಮುಖ ಕಾಣಲಿಲ್ಲ. "ಬಿಗಿಯಾಗಿ ಹಿಡಿಯೋ ಮಾರಾಯ, ಜಾರ್ತಿದೆ" ಎಂದು ನನ್ನ ಬಾಯಿಂದ ತಾನಾಗಿ ಬಂತು. "ಹಿಡ್ದಿದೀನಿ ಕಣೋ ಅಣ್ಣ" ಎಂದ ಪ್ರಸಾದ. ಅಣ್ಣ ಅಂದ, ಅಮ್ಮಾ! ನನಗೆ ಅಳುವೇ ಬಂತು; ಹುಡುಗಿ ಎದುರಿಗಿದ್ದಳೆಂದು ತಡೆದುಕೊಂಡೆ. ಅಳತೆ ಮುಗಿದ ಮೇಲೂ ಇಬ್ಬರೂ ಟೇಪ್ ಬಿಡಲಿಲ್ಲ. ಮೋನಿಕಾಗೆ ಬೇರೆ ಮರಗಳಿದ್ದವು, ಪಾಪ, ಕಾದು ನಿಂತಳು. ಆಮೇಲೆ ನಮ್ಮ ಮನೆಯಲ್ಲೇ ಎಲ್ಲರೂ ಕಾಫಿ ಕುಡಿದೆವು.

ಯಶೋದಾ ನಮಸ್ಕಾರ ಹೇಳಿದ್ದಾಳೆ. ನಿನ್ನ ಸೊಸೆಗೆ ನೀನಿಲ್ಲದೆ ಜಗಳಕ್ಕೆ ಜನವಿಲ್ಲವಂತೆ. ರೇವತಿಗೆ ನನ್ನ ಆಶೀರ್ವಾದ ತಿಳಿಸು. ನಮ್ಮನ್ನು ಹರಸುವುದು ನಿನಗೆ ಬಿಟ್ಟದ್ದು.

ನಿನ್ನ ಹಿರಿಮಗ,
ಮಲ್ಲೇಶ್

ತಾ.ಕ.: ಅವಸರದಲ್ಲಿ ಮುಖ್ಯ ವಿಷಯವೇ ಉಳಿಯಿತು. ಪಾಲು ಮಾಡುವಾಗ ನೀನು ಏನನ್ನೂ ಕೇಳಲಿಲ್ಲ, ನಾವೂ ಕೊಡಲಿಲ್ಲ. ಗೋಣಿಮರವನ್ನು ಸಂಘದಲ್ಲಿ ನಿನ್ನ ಹೆಸರಿಗೆ ಬರೆಸಿದ್ದೇವೆ. ಸಹಿಗೆ ನೀನೇ ಬರಬೇಕಂತೆ. ಭಾನುವಾರ ನಾನು, ಪ್ರಸಾದ ಒಂದೇ ಜೀಪಿನಲ್ಲಿ ಬರುತ್ತೇವೆ. ಚೀಲ ಕಟ್ಟಿಟ್ಟುಕೊಂಡಿರು.