ತಾರೀಖು ಬರೆದ ಬಿಳಿ ಬಟ್ಟೆ

ಪರೀಕ್ಷಾಲಯದ ಕ್ಯಾಂಟೀನು,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡಿದ್ದೀರಾ, ಇಲ್ಲ ಅಕ್ಕನ ಮನೆಯ ಫ್ಯೂಸ್ ಡಬ್ಬಿಯನ್ನೂ ದಿನಕ್ಕೆರಡು ಸಲ ತಪಾಸಣೆ ಮಾಡುತ್ತಿದ್ದೀರಾ? ಮಾತ್ರೆ ನುಂಗದೆ ಜೇಬಿಗಿಳಿಸುವ ನಿಮ್ಮ ಕೈಚಳಕ ಅವಳಿಗೆ ಗೊತ್ತಾಗಿದೆ, ಹುಷಾರು. ನಾನು ಚೆನ್ನಾಗಿದ್ದೇನೆ.

ಇಲ್ಲೊಂದು ಸಂಗತಿ ನಡೆಯಿತು. ಕರೆಂಟು ಕಡಿಯುವ ಬ್ರೇಕರ್‌ಗಳಲ್ಲಿ ತುಂಬುವ ಹೊಸ ಅನಿಲವನ್ನು ಪರೀಕ್ಷಿಸುತ್ತಿದ್ದೇವೆ. ನಿಮ್ಮ ಕೆಲಸದ ಕೊನೆಯ ವರ್ಷ ಸಬ್‌ಸ್ಟೇಷನ್ನಿಗೆ ಬಂದಿತ್ತಲ್ಲ, ಅದೇ ಬಗೆಯದು. ಹೋದ ವಾರ ಬಿಚ್ಚಿ ನೋಡಿದರೆ ಒಳಗಿನ ಇನ್ಸುಲೇಟರ್ ಮೇಲೆ ಕಾಡಿಗೆಯಂಥ ಮಸಿ. ಮುಖ್ಯಸ್ಥರು ನನ್ನ ಕಡೆ ತಿರುಗಿ, “ಮುಚ್ಚೋ ಮೊದ್ಲು ಸರಿಯಾಗಿ ಒರೆಸಿದ್ಯೇನಮ್ಮಾ?” ಅಂದರು. ಆರು ವರ್ಷದ ಹಿಂದೆ ಆ ಅನಿಲ ತುಂಬಿದ್ದ ನಿಮ್ಮ ಬ್ರೇಕರ್ ಸಿಡಿದಾಗ ವಿಚಾರಣೆಯಲ್ಲಿ ನಿಮ್ಮನ್ನು ಕೇಳಿದ್ದೂ ಇದೇ ಪ್ರಶ್ನೆ. ಆಮೇಲೆ ನಿಮ್ಮ ಕೆಲಸ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಒರೆಸಿದ್ದೆ, ಅದೂ ನಿಮ್ಮ ಹಾಗೆ: ಕೊನೆಯ ಸಲ ಬಿಳಿ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೂಲೆಯಲ್ಲಿ ತಾರೀಖು ಬರೆದು ಎತ್ತಿಟ್ಟಿದ್ದೆ. (ಚಿಕ್ಕಂದಿನಲ್ಲಿ ನನ್ನ ಊಟದ ಡಬ್ಬಿಯನ್ನೂ ಹಾಗೇ ಒರೆಸಿ ನೋಡುತ್ತಿದ್ದಿರಿ. ತಾರೀಖೊಂದು ಬರೆಯಲಿಲ್ಲ, ನನ್ನ ಪುಣ್ಯ.) ಕಲೆಯಿಲ್ಲದ ಆ ಬಟ್ಟೆಯನ್ನು ತಂದು ಮೇಜಿನ ಮೇಲಿಟ್ಟೆ. ಅವರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಮತ್ತೆ ಅವರ ಕಣ್ಣೆದುರೇ ಒರೆಸಿ, ಮುಚ್ಚಿ, ಇಪ್ಪತ್ತು ಸಲ ಕರೆಂಟು ಕಡಿದೆವು. ಬಿಚ್ಚಿದರೆ ಅದೇ ಜಾಗ, ಅದೇ ಮಸಿ. ಕಡಿಯುವ ಕ್ಷಣ ಒಳಗೆ ಏಳುವ ಕಿಡಿಯ ಬಿಸಿಗೆ ಅನಿಲವೇ ಒಡೆಯುತ್ತದೆ. ಒಡೆದದ್ದೆಲ್ಲ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಅದರೊಳಗಿನ ಇಂಗಾಲ ಇನ್ಸುಲೇಟರ್ ಮೇಲೆ ಕೂತು, ಹೋಗಬಾರದ ಕಡೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಸ್ವಲ್ಪ ಆಮ್ಲಜನಕ ಬೆರೆಸಿ ನೋಡಿದೆವು, ಮಸಿ ಕಡಿಮೆಯಾಯಿತು. ಹೊರಗಿನಿಂದ ಬಂದ ಕೊಳೆಯಲ್ಲ ಅಪ್ಪಾ ಅದು. ವರದಿಯಲ್ಲಿ ಹಾಗೇ ಬರೆದಿದ್ದೇನೆ.

ಅಕ್ಕ, ಭಾವನಿಗೆ ನನ್ನ ನೆನಪು ತಿಳಿಸಿ. ಮಾತ್ರೆ ನುಂಗಿ.

ನಿಮ್ಮ ಪುಟ್ಟಿ

ಮತ್ತೊಂದು ಮಾತು: ಕೆಲಸ ಹೋದ ಸಂಜೆ ನೀವು ತಾರೀಖು ಬರೆದ ನಿಮ್ಮ ಬಿಳಿ ಬಟ್ಟೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಿದ್ದಿರಿ. ನಾನು ಪುಸ್ತಕದಿಂದ ತಲೆಯೆತ್ತದೆ, “ಒಂದ್ಸಲ ಸರಿಯಾಗಿ ಒರೆಸಿದ್ರೆ ಆಗ್ತಿರ್ಲಿಲ್ವಾ ಅಪ್ಪಾ?” ಅಂದೆ. ನೀವು ಅದನ್ನು ಮಡಚಿಕೊಂಡು ಹೋದಿರಿ. ತಪ್ಪಾಯಿತು ಅಪ್ಪಾ. ನಿಮ್ಮ ವಿಚಾರಣೆಯ ಹಳೆಯ ಕಡತ ಮತ್ತೆ ತೆರೆಯಿರೆಂದು ಅರ್ಜಿ ಹಾಕಿದ್ದೇನೆ, ಏನಾಗುತ್ತದೋ ಗೊತ್ತಿಲ್ಲ. ಭಾನುವಾರ ಬರುತ್ತೇನೆ. ಆ ಬಟ್ಟೆ ಇನ್ನೂ ಇದ್ದರೆ ತೆಗೆದಿಡಿ. ನಾನು ನೋಡಬೇಕು.