ಮುಕ್ತಾ ಬಾಯಿ ತೆರೆದ್ರ

ಅತ್ತಿ,

ಹಲ್ಲು ಕೀಳಿಸಾಕ ನಾರ್ತ್ ಯಾರ್ಕಿಗೆ ಹೊಂಟೀನಿ, ಎರಡಕ್ಕ ಬರ್ತೀನಿ. ನಿಮ್ಮ ಮಗ ಬೋಲ್ಟನ್ ವೇರ್‌ಹೌಸಿನ್ಯಾಗ, ಶಿಫ್ಟಿನ್ಯಾಗ ಫೋನ್ ಎತ್ತಂಗಿಲ್ಲ. ಎಂಟು ವರ್ಷದಾಗ ಮಗಳು ಮುಕ್ತಾನ್ನ ಬಿಟ್ಟು ಹೊಂಟದ್ದು ಇದ ಮೊದಲು.

ಆಕಿ ಹೊಟ್ಟಿ ಟ್ಯೂಬಿಗೆ ಹಾಲು ಹಾಕೀನಿ. ನಾ ಬರೂತನಕ ಮತ್ತೇನೂ ಬ್ಯಾಡ.

ಹತ್ತಕ್ಕ ಪಾಠ. ಕೈಯಾಗ ಗೆಜ್ಜಿ ಕೊಡ್ರಿ. ಕಣ್ಣು ಕಾಣದಿದ್ರೂ ಪಾಠ ಶುರುವಾತು ಅಂತ ತಿಳೀತಾಳ. ನಿಮ್ಮ ಬೀಸೂ ಪದ ಒಂದು ನುಡಿ ಹಾಡಿ, ನಿಲ್ಲಸಿ, ಕಾಯ್ರಿ. ಆಕಿ ಬಾಯಿ ತೆರೀತಾಳ.

ಅದು ಹಸಿವಲ್ಲ, ಅತ್ತಿ. ‘ಇನ್ನೊಮ್ಮೆ ಹಾಡು’ ಅನ್ನಾಕ ಹಂಗ ಕಲಿಸೀನಿ. ಪೂರಾ ವರ್ಷ ಹಿಡೀತು. ಆಕಿಗೆ ಬರೂದು ಅದೊಂದ ಮಾತು.

ಸೋಮವಾರ ಆಕಿ ಹಂಗ ಬಾಯಿ ತೆರೆದಾಗ ನೀವು ಅಕ್ಕರೆಯಿಂದ ಒಂದು ಚಮಚ ತೀರ್ಥ ಬಾಯಿಗೆ ಹಾಕಿದ್ರಿ. ನುಂಗಾಕ ಬರದ ಕೂಸು, ಉಸಿರ ನಿಂತಿತ್ತು. ದೇವರ ತೀರ್ಥ ಏನೂ ಮಾಡಂಗಿಲ್ಲ ಅಂದ್ರಿ. ಮಾಡ್ತು. ಇವತ್ತು ಹಣಿಗೆ ಹಚ್ರಿ, ಸಾಕು.

ಮನ್ಯಾಗಿನ ಚಮಚ ಎಲ್ಲಾ ನನ್ನ ಬ್ಯಾಗಿನ್ಯಾಗ ಅದಾವ. ಸಿಟ್ಟಾಗಬ್ಯಾಡ್ರಿ.

ಬಾಯಿ ತೆರೆದ್ರ ಹಾಡ್ರಿ. ದಣಿದ್ರೂ ಹಾಡ್ರಿ. ತೆರೆಯಾಕ ಕಲಿಸಿದಾಕಿ ನಾನ, ಅತ್ತಿ.

ಶೈಲಾ